ಅಂಗಡಿ ಬದಲಾಯಿಸುವಾಗ ಹಳೆಯ ಲೆಕ್ಕ ಬಿಟ್ಟು ಬರಬೇಡಿ

ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ತಲಪಾಡಿಯಿಂದ ಚೆಂಗಳದವರೆಗೆ ರಸ್ತೆ ಬದಿಯ ಎಷ್ಟೋ ಅಂಗಡಿಗಳು ಜಾಗ ಬಿಟ್ಟುಕೊಡಬೇಕಾಯಿತು. ಉಪ್ಪಳದ ಕಡೆಯ ನಮ್ಮ ಉಪ್ಪನ ಬಟ್ಟೆ ಅಂಗಡಿಯೂ ಅದರಲ್ಲಿ ಒಂದು. ಕಪಾಟು, ಗಾಜಿನ ಶೋಕೇಸು, ಬಟ್ಟೆಯ ಕಟ್ಟುಗಳು ಎಲ್ಲವನ್ನೂ ಪಿಕಪ್‌ಗೆ ಹೇರಿ ಕಳಿಸಿದರು. ಒಂದನ್ನು ಮಾತ್ರ ಯಾರ ಕೈಗೂ ಕೊಡಲಿಲ್ಲ. ಕೆಂಪು ರಟ್ಟಿನ ಉದ್ದ ಲೆಕ್ಕದ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಂಕುಳಲ್ಲಿ ಹಿಡಿದುಕೊಂಡು ಹೊಸ ಅಂಗಡಿಗೆ ನಡೆದೇ ಹೋದರು. ತಮ್ಮ ನಕ್ಕು, "ಅದರಲ್ಲಿ ಎಂತ ಚಿನ್ನ ಉಂಟಾ ಉಪ್ಪ?" ಎಂದು ಕೇಳಿದ. ಉಪ್ಪ ಉತ್ತರ ಕೊಡಲಿಲ್ಲ.

ಕೆಲವು ವರ್ಷಗಳ ನಂತರ ನಾವು ಇನ್ನೊಂದು ಅಂಗಡಿಯನ್ನು ಬದಲಾಯಿಸಿದೆವು. ಈ ಸಲ ಆನ್‌ಲೈನ್ ಅಂಗಡಿ. ಹಳೆಯ ವೇದಿಕೆ ನಿಧಾನವಾಗಿದೆ, ಫೋನಿನಲ್ಲಿ ಸರಿಯಾಗಿ ತೆರೆಯುವುದಿಲ್ಲ, ಹೊಸದಕ್ಕೆ ಹೋಗೋಣ ಎಂದು ತಮ್ಮ ಹೇಳಿದ. ಫೋಟೋಗಳು ಹೋದವು, ದರಪಟ್ಟಿ ಹೋಯಿತು, ಗ್ರಾಹಕರ ಹೆಸರು ಮತ್ತು ಫೋನ್ ನಂಬ್ರಗಳೂ ಹೋದವು. ಐದು ವರ್ಷಗಳ ಆರ್ಡರ್‌ಗಳು ಮಾತ್ರ ಹೋಗಲಿಲ್ಲ. ಅದನ್ನು ಕಂಕುಳಲ್ಲಿ ಹಿಡಿದು ಹೋಗಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ.

ಆ ತಪ್ಪಿನಿಂದ ನಾವು ಕಲಿತದ್ದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಮನೆಗಳಲ್ಲಿ ಈಗ ಇಂತಹ ಅಂಗಡಿಗಳು ಇವೆ. ಅಬಾಯ, ಮಕ್ಕಳ ಬಟ್ಟೆ, ಅತ್ತರು, ಖರ್ಜೂರ, ಉಪ್ಪಿನಕಾಯಿ, ಕೇಕು ಎಂದು ಒಂದಲ್ಲ ಒಂದನ್ನು ಫೋನಿನಲ್ಲಿ ಮಾರುವ ಮಗಳೋ ಸೊಸೆಯೋ ಇಲ್ಲದ ಬ್ಯಾರಿ ಕುಟುಂಬ ಕಡಿಮೆ. ಇಂದಲ್ಲ ನಾಳೆ ಅವರೆಲ್ಲ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುವವರೇ. ಹೋಗದೆ ಇರುತ್ತೇವೆ ಎಂದರೂ ಕೆಲವೊಮ್ಮೆ ಆಗುವುದಿಲ್ಲ. 2020ರ ಜೂನ್ 30ಕ್ಕೆ ಮೆಜೆಂಟೊ 1 ಎಂಬ ಹೆಸರಾಂತ ವೇದಿಕೆಗೆ ಅದರ ಕಂಪನಿ ಬೆಂಬಲ ನಿಲ್ಲಿಸಿದಾಗ ಜಗತ್ತಿನ ಎಷ್ಟೋ ಅಂಗಡಿಗಳು ಗಂಟುಮೂಟೆ ಕಟ್ಟಬೇಕಾಯಿತು.

ನಮ್ಮ ಆನ್‌ಲೈನ್ ಅಂಗಡಿ ಹುಟ್ಟಿದ್ದೂ ಅದೇ ವರ್ಷ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ್ದು ಯಾರಿಗೆ ಮರೆತೀತು? ಆಸ್ಪತ್ರೆಗೇ ದಾರಿಯಿಲ್ಲದ ದಿನಗಳಲ್ಲಿ ಬಟ್ಟೆ ಅಂಗಡಿಗೆ ಬರುವವರು ಯಾರು? ಅಂಗಡಿಯಲ್ಲಿ ಉಳಿದ ಮಾಲನ್ನು ತಮ್ಮ ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ. ಗಡಿ ತೆರೆದ ಮೇಲೆ ಒಂದು ಸೈಟ್ ಮಾಡಿಸಿದ. ನಾನು ಮದುವೆಯಾಗಿ ಗಡಿಯ ಈಚೆ, ಉಳ್ಳಾಲದ ಕಡೆ ಇರುವವಳು. ಬಿಕಾಂ ಓದಿದ್ದರಿಂದ ತಿಂಗಳ ಲೆಕ್ಕ ಮತ್ತು ಜಿಎಸ್‌ಟಿ ನನ್ನ ಪಾಲಿಗೆ ಬಂತು. ಮಾರುವುದು ತಮ್ಮ, ಕಟ್ಟುವುದು ಉಮ್ಮ, ವಾಪಸು ಬಂದ ಪಾರ್ಸೆಲ್ ಬಿಡಿಸಿ ನೋಡುವುದು ಉಪ್ಪ.

2025ರ ಸೆಪ್ಟೆಂಬರ್ ಕೊನೆಗೆ ಹೊಸ ವೇದಿಕೆಗೆ ಹೋದೆವು. ಕೆಲಸ ಮಾಡಿಕೊಟ್ಟ ಹುಡುಗರು ಒಳ್ಳೆಯವರೇ. ಹಳೆಯ ಆರ್ಡರ್‌ಗಳನ್ನೂ ತರುತ್ತೀರಾ ಎಂದು ತಮ್ಮ ಕೇಳಿದ್ದನಂತೆ. "ಅದೆಲ್ಲ ಮುಗಿದ ವ್ಯಾಪಾರ ಅಲ್ವಾ ಭಾಯ್? ತಂದರೆ ಖರ್ಚು ಜಾಸ್ತಿ" ಎಂದರಂತೆ. ಖರ್ಚಿನ ಮಾತು ಸುಳ್ಳಲ್ಲ. ಶಾಪಿಫೈಯಂತಹ ವೇದಿಕೆಯಲ್ಲಿ ಸರಕಿನ ಪಟ್ಟಿಯನ್ನೂ ಗ್ರಾಹಕರ ಪಟ್ಟಿಯನ್ನೂ ಸಿಎಸ್‌ವಿ ಕಡತವಾಗಿ ನೇರ ಏರಿಸಬಹುದು. ಹಳೆಯ ಆರ್ಡರ್‌ಗೆ ಹಾಗೆ ನೇರ ಬಾಗಿಲಿಲ್ಲ. ಅದಕ್ಕೆ ಬೇರೆ ಆ್ಯಪ್ ಬೇಕು, ಇಲ್ಲವೇ ಎಪಿಐ ಮೂಲಕ ಒಂದೊಂದನ್ನೇ ಬರೆಯುವ ಪ್ರೋಗ್ರಾಂ ಬೇಕು. ಸುಲಭವಾದದ್ದು ಹೋಗುತ್ತದೆ, ಕಷ್ಟದ್ದು ಉಳಿಯುತ್ತದೆ. ಹಳೆಯ ಸೈಟಿನ ಹೋಸ್ಟಿಂಗ್ ಅವಧಿಯೂ ಮುಗಿಯುತ್ತಾ ಬಂದಿತ್ತು. ಎರಡು ಕಡೆ ಯಾಕೆ ಬಾಡಿಗೆ ಎಂದು ಅದನ್ನೂ ಬಿಟ್ಟೆವು.

ಮೂರು ವಾರ ಕಳೆದಿರಬೇಕು. ವಿಟ್ಲದ ಕಡೆಯ ಒಬ್ಬ ಉಮ್ಮ ಫೋನ್ ಮಾಡಿದರು. ಮಗಳ ಮದುವೆಗೆ ನಮ್ಮಲ್ಲಿ ಹನ್ನೊಂದು ಅಬಾಯ ತರಿಸಿದವರು. ಅದರಲ್ಲಿ ಎರಡು ಉದ್ದ ಕಡಿಮೆಯಾಗಿ, 56ರ ಬದಲು 54 ಬಂದಿತ್ತು. ವಾಪಸು ಕಳಿಸಿದ್ದರು. 3,400 ರೂಪಾಯಿ. "ದುಡ್ಡು ಅಲ್ಲೇ ಇರಲಿ, ಬೇಕಾದಾಗ ಬೇರೆ ತೆಗೆದುಕೊಳ್ಳುತ್ತೇನೆ" ಎಂದಿದ್ದರು. ಈಗ ಮಗಳು ಹೆರಿಗೆ ಮುಗಿಸಿ ಗಂಡನ ಮನೆಗೆ ಹೊರಡುವ ಹೊತ್ತು. ಒಂದು ಒಳ್ಳೆಯ ಅಬಾಯ ಬೇಕು, ಆ ದುಡ್ಡಿನಲ್ಲಿ ಹಿಡಿಯಿರಿ ಎಂದರು.

ತಮ್ಮ ಆರ್ಡರ್ ನಂಬ್ರ ಕೇಳಿದ. ಅವರು ಪಾಪ ಹುಡುಕಿ ಹೇಳಿದರು. ಹೊಸ ವೇದಿಕೆಯಲ್ಲಿ ಆ ನಂಬ್ರವೇ ಇಲ್ಲ. ಹೆಸರು ಹಾಕಿ ನೋಡಿದ. ಹೆಸರಿದೆ, ಫೋನ್ ಇದೆ, ಆರ್ಡರ್ ಸೊನ್ನೆ. "ಉಮ್ಮ, ನಮ್ಮಲ್ಲಿ ನಿಮ್ಮದು ಯಾವುದೂ ಕಾಣುವುದಿಲ್ಲ" ಎಂದುಬಿಟ್ಟ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವರು, "ಮೋನೇ, ನಾನು ಸುಳ್ಳು ಹೇಳುವವಳಲ್ಲ. ನಿನ್ನ ಉಪ್ಪನ ಹತ್ತಿರ ಒಮ್ಮೆ ಕೇಳು" ಎಂದು ಫೋನ್ ಇಟ್ಟರು.

ಉಪ್ಪ ಕೆಂಪು ಪುಸ್ತಕ ತೆಗೆದರು. ವಾಪಸು ಬಂದ ಪ್ರತಿ ಪಾರ್ಸೆಲ್ಲನ್ನು ಅವರು ತಾವಾಗಿಯೇ ಅದರಲ್ಲಿ ಬರೆದಿಡುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದೇ ಅಂದು. ದಿನಾಂಕ, ಊರು, "2 ಅಬಾಯ, ಉದ್ದ ಕಮ್ಮಿ, 3,400 ನಮ್ಮಿಂದ ಅವರಿಗೆ ಬಾಕಿ." ಅಬಾಯ ಮರುದಿನವೇ ಹೋಯಿತು. ಆದರೆ ಒಬ್ಬ ತಾಯಿಗೆ ತಾನು ಸುಳ್ಳುಗಾರಳಲ್ಲ ಎಂದು ಹೇಳಬೇಕಾಗಿ ಬಂತಲ್ಲ, ಅದನ್ನು ಯಾವ ಕೊರಿಯರಿನಲ್ಲಿ ವಾಪಸು ಪಡೆಯುವುದು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳೆಯ ಆರ್ಡರ್ ಎಂದರೆ ಮುಗಿದ ವ್ಯಾಪಾರ ಎಂಬ ಮಾತು ತಪ್ಪು. ದುಡ್ಡು ಬಂದು ಸರಕು ಹೋದ ಕೂಡಲೇ ವ್ಯಾಪಾರ ಮುಗಿಯುವುದಿಲ್ಲ. ಅದರೊಳಗೆ ನಾವು ಕೊಡಬೇಕಾದ ಬಾಕಿ ಇರುತ್ತದೆ, ಸರಕಾರಕ್ಕೆ ತೋರಿಸಬೇಕಾದ ಲೆಕ್ಕ ಇರುತ್ತದೆ, ಗ್ರಾಹಕರು ನಮ್ಮನ್ನು ನಂಬಿ ಹೇಳಿದ ವಿವರ ಇರುತ್ತದೆ. ಮೊದಲ ಎರಡನ್ನು ಬಿಟ್ಟು ಬರುವ ಹಕ್ಕು ನಮಗಿಲ್ಲ. ಮೂರನೆಯದನ್ನು ಕೇಳದೆ ಹೊತ್ತು ತರುವ ಹಕ್ಕೂ ಇಲ್ಲ. ಇದನ್ನು ತೀರ್ಮಾನಿಸಬೇಕಾದವರು ಅಂಗಡಿಯವರೇ ಹೊರತು ಸೈಟ್ ಮಾಡುವ ಹುಡುಗರಲ್ಲ.

ಮೊದಲು ಸರಕಾರದ ಲೆಕ್ಕ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ರ ಲೆಕ್ಕವನ್ನೇ ತೆಗೆದುಕೊಳ್ಳಿ. ಅದರ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಂದರೆ 2030ರ ಡಿಸೆಂಬರ್ ತನಕ ಆ ವರ್ಷದ ಬಿಲ್ಲುಗಳು ನಮ್ಮ ಕೈಗೆ ಸಿಗುವಂತಿರಬೇಕು. ಹೋಸ್ಟಿಂಗ್ ಬಾಡಿಗೆ ಉಳಿಸಿದೆವು ಎಂದು ನಾವು ಖುಷಿಪಟ್ಟದ್ದು ಎಷ್ಟು ದೊಡ್ಡ ಬುದ್ಧಿವಂತಿಕೆ ಎಂದು ನಿಮಗೇ ಗೊತ್ತಾಗುತ್ತದೆ.

ಗಡಿಯಲ್ಲಿರುವ ನಮಗೆ ಈ ಲೆಕ್ಕ ಇನ್ನೂ ಸ್ವಲ್ಪ ತೊಡಕು. ಉಪ್ಪಳದಿಂದ ಕುಂಬಳೆಗೆ ಒಂದು ಅಬಾಯ ಕಳಿಸಿದರೆ ತೆರಿಗೆ ಅರ್ಧ ಕೇಂದ್ರಕ್ಕೆ, ಅರ್ಧ ಕೇರಳಕ್ಕೆ. ಅದೇ ಅಬಾಯ ತೊಕ್ಕೊಟ್ಟಿಗೆ ಹೋದರೆ ಅದು ಅಂತರರಾಜ್ಯ ವ್ಯಾಪಾರ, ಪೂರ್ತಿ ಐಜಿಎಸ್‌ಟಿ. ಹಳೆಯ ಆರ್ಡರನ್ನು ಹೊಸ ಕಡೆ ಬರೆಯುವಾಗ ಎಷ್ಟೋ ಸಲ "ತೆರಿಗೆ ಇಷ್ಟು" ಎಂದು ಒಂದೇ ಮೊತ್ತ ಬಂದು ಕೂರುತ್ತದೆ. ಯಾವುದು ಕೇರಳದ ಪಾಲು, ಯಾವುದು ಐಜಿಎಸ್‌ಟಿ ಎಂಬುದು ಅಳಿಸಿಹೋಗುತ್ತದೆ. ಬಿಲ್ಲಿನಲ್ಲಿದ್ದ ರಾಜ್ಯದ ಸಂಖ್ಯೆ, ಅಂದರೆ ಕೇರಳದ 32, ಕರ್ನಾಟಕದ 29, ಜೊತೆಗೇ ಬರಬೇಕು.

ಇನ್ನು ನಮ್ಮ ಗಲ್ಫಿನ ಮಕ್ಕಳು. ದುಬೈಯಲ್ಲಿ ಕುಳಿತ ಮಗ ದುಡ್ಡು ಕಟ್ಟಿ, "ಉಮ್ಮನಿಗೆ ಮಂಜೇಶ್ವರಕ್ಕೆ ಕಳಿಸಿ" ಎನ್ನುತ್ತಾನೆ. ಬಿಲ್ಲಿನ ವಿಳಾಸ ದುಬೈ, ಪಾರ್ಸೆಲ್ಲಿನ ವಿಳಾಸ ಮಂಜೇಶ್ವರ. ನೋಂದಣಿಯಿಲ್ಲದ ಗ್ರಾಹಕರ ವಿಷಯದಲ್ಲಿ ಸರಕು ತಲುಪುವ ವಿಳಾಸವೇ ಲೆಕ್ಕಕ್ಕೆ ಎಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2024ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿದೆ. ಸ್ಥಳಾಂತರದ ಪ್ರೋಗ್ರಾಂ ಎರಡು ವಿಳಾಸಗಳಲ್ಲಿ ಒಂದನ್ನೇ ಹಿಡಿದುಕೊಂಡರೆ ಮಂಜೇಶ್ವರದ ಮನೆಗೆ ಹೋದ ಅಬಾಯ ಕಾಗದದಲ್ಲಿ ವಿದೇಶಕ್ಕೆ ಹಾರಿಬಿಡುತ್ತದೆ.

ದರದ ಮಾತು ಬೇರೆ ಇದೆ. ಮೊದಲು 1,000 ರೂಪಾಯಿವರೆಗಿನ ಉಡುಪಿಗೆ ಶೇ. 5, ಅದರ ಮೇಲೆ ಶೇ. 12 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ. 5, ಅದರ ಮೇಲೆ ಶೇ. 18 ಆಯಿತು. ನಾವು ಹೊಸ ವೇದಿಕೆಗೆ ಹೋದದ್ದು ಅದರ ಮರುವಾರ. ಸೆಪ್ಟೆಂಬರ್ ಮೊದಲ ವಾರ 1,800 ರೂಪಾಯಿಯ ಅಬಾಯ ಕೊಂಡವರು 216 ರೂಪಾಯಿ ತೆರಿಗೆ ಕೊಟ್ಟಿದ್ದರು. ಅವರು ವಾಪಸು ಕಳಿಸಿದಾಗ ಹಳೆಯ ಆರ್ಡರ್ ಇಲ್ಲದ್ದರಿಂದ ತಮ್ಮ ಅದನ್ನು ಹೊಸದಾಗಿ ಬರೆದ. ಯಂತ್ರ ಹೊಸ ದರ ಹಿಡಿದು 90 ರೂಪಾಯಿ ತೋರಿಸಿತು. 126 ರೂಪಾಯಿ ಗ್ರಾಹಕರಿಗೆ ಕಡಿಮೆ ಕೊಡುವವರಿದ್ದೆವು. ಮೊತ್ತ ಸಣ್ಣದು ಇರಬಹುದು. ಆದರೆ ಅದು ನಮ್ಮದಲ್ಲದ ದುಡ್ಡು. ಹಳೆಯ ಆರ್ಡರ್ ಅಂದಿನ ದರದಲ್ಲಿ, ಅಂದಿನ ಮೊತ್ತದಲ್ಲಿ ಹಾಗೆಯೇ ಬಂದು ಕೂರಬೇಕು. ಯಂತ್ರ ಅದನ್ನು ಪುನಃ ಲೆಕ್ಕ ಹಾಕಲು ಬಿಡಬಾರದು.

ಆ ಎರಡು ಫೋನುಗಳ ನಂತರ ನಾವು ಕೂತು ಕೆಲಸವನ್ನು ಮೊದಲಿನಿಂದ ಮಾಡಿಸಿದೆವು. ಪುಣ್ಯಕ್ಕೆ ಹಳೆಯ ಸೈಟಿನ ಒಂದು ಬ್ಯಾಕಪ್ ಉಳಿದಿತ್ತು. ಎಲ್ಲಿ ಗೊತ್ತೇ? ಕೆಲಸ ಮಾಡಿದ ಒಬ್ಬ ಹುಡುಗನ ಸ್ವಂತ ಲ್ಯಾಪ್‌ಟಾಪಿನಲ್ಲಿ. ಅದು ಸಿಕ್ಕಿದ್ದು ಸಮಾಧಾನ, ಅಲ್ಲಿ ಸಿಕ್ಕಿದ್ದು ಹೆದರಿಕೆ. ಆ ಹೆದರಿಕೆಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಎರಡನೇ ಸಲ ಕಂಡ ಕಷ್ಟಗಳಲ್ಲಿ ಹೆಚ್ಚಿನವು ನಮ್ಮ ಜನರನ್ನು ಯಂತ್ರ ಗುರುತಿಸದ ಕಷ್ಟಗಳು. ನಮ್ಮಲ್ಲಿ ಎಷ್ಟು ಫಾತಿಮಾ, ಎಷ್ಟು ಆಯಿಷಾ, ಎಷ್ಟು ಮುಹಮ್ಮದ್! ಅದೇ ಹೆಸರನ್ನು ಒಬ್ಬರೇ ಮೂರು ಸಲ ಮೂರು ಥರ ಬರೆಯುತ್ತಾರೆ. ಊರಿನ ಹೆಸರೂ ಹಾಗೆ. ಒಬ್ಬರಿಗೆ ಮಂಜೇಶ್ವರ, ಇನ್ನೊಬ್ಬರಿಗೆ ಮಂಜೇಶ್ವರಂ. ಒಬ್ಬರಿಗೆ ಕುಂಬಳೆ, ಇನ್ನೊಬ್ಬರಿಗೆ ಕುಂಬ್ಲ. ಹೆಸರು, ಊರು ನೋಡಿ ಒಂದು ಮಾಡಿದರೆ ಅಕ್ಕಪಕ್ಕದ ಮನೆಯ ಇಬ್ಬರು ಫಾತಿಮಾರ ಲೆಕ್ಕ ಒಂದೇ ಚೀಲಕ್ಕೆ ಬೀಳುತ್ತದೆ.

ಹಾಗಾದರೆ ಫೋನ್ ನಂಬ್ರ ಹಿಡಿಯೋಣ ಎಂದರು ಹುಡುಗರು. ಎಷ್ಟೋ ವೇದಿಕೆಗಳು ಒಂದು ನಂಬ್ರಕ್ಕೆ ಒಬ್ಬರೇ ಗ್ರಾಹಕರು ಎಂದು ಹಟ ಹಿಡಿಯುತ್ತವೆ. ನಮ್ಮಲ್ಲಿ ಹಾಗಿಲ್ಲವಲ್ಲ. ದುಬೈಯ ಒಂದೇ ನಂಬ್ರದಿಂದ ಉಮ್ಮನಿಗೆ, ಹೆಂಡತಿಗೆ, ತಂಗಿಗೆ ಆರ್ಡರ್ ಬಂದಿರುತ್ತದೆ. ಒಬ್ಬರಿಗೆ ಉದ್ದ 52, ಇನ್ನೊಬ್ಬರಿಗೆ 56, ಮತ್ತೊಬ್ಬರಿಗೆ 58. ಮೂವರನ್ನೂ ಒಂದು ಮಾಡಿಬಿಟ್ಟರೆ "ಹೋದ ಸಲದ್ದೇ ಅಳತೆ ಹಾಕಿ" ಎಂದು ಉಮ್ಮ ಹೇಳಿದಾಗ ಸೊಸೆಯ ಅಳತೆಯ ಅಬಾಯ ಹೋಗುತ್ತದೆ. ಇದನ್ನು ಬಿಡಿಸಿದ್ದು ಯಂತ್ರವಲ್ಲ, ನಮ್ಮ ಉಮ್ಮ. ಪಟ್ಟಿ ಹಿಡಿದು ಕೂತು, "ಇದು ಅವರ ಸೊಸೆಯದ್ದು, ಇದು ಬಂದ್ಯೋಡಿನಲ್ಲಿ ಇರುವ ಮಗಳದ್ದು" ಎಂದು ಒಂದೊಂದನ್ನೇ ಹೇಳಿದರು. ಐದು ವರ್ಷ ಪಾರ್ಸೆಲ್ ಕಟ್ಟಿದ ಕೈ ಅದು. ಇಂತಹ ಕೆಲಸಕ್ಕೆ ಮನೆಯ ಹಿರಿಯರನ್ನು ಕೂರಿಸಿಕೊಳ್ಳಿ ಎಂದು ನಾನು ಹೇಳುವುದು ಗೌರವಕ್ಕಾಗಿ ಮಾತ್ರ ಅಲ್ಲ. ಅವರಿಗೆ ಗೊತ್ತಿರುವುದು ಬೇರೆ ಎಲ್ಲಿಯೂ ಬರೆದಿಲ್ಲ.

ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಹಾಗೆಯೇ ಉಳಿಸಿದರೂ ಅನಾಹುತವೇ. 971ರಿಂದ ಶುರುವಾಗುವ ಹನ್ನೆರಡು ಅಂಕಿಯ ನಂಬ್ರ 9.72ಇ+11 ಎಂದು ಮುದುಡಿಕೊಳ್ಳುತ್ತದೆ. ಹಾಗೆಯೇ ಸಿಎಸ್‌ವಿಯಾಗಿ ಉಳಿಸಿದರೆ ಉಳಿದ ಅಂಕಿಗಳು ಹೋದಂತೆಯೇ. ಕನ್ನಡದಲ್ಲೋ ಮಲಯಾಳದಲ್ಲೋ ಬರೆದ ಮನೆ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. 05/04 ಎಂಬ ದಿನಾಂಕ ಏಪ್ರಿಲ್ 5 ಆಗಿದ್ದದ್ದು ಮೇ 4 ಆಗುತ್ತದೆ. ಸಮಯದ್ದೂ ಒಂದು ತಮಾಷೆ ಇದೆ. ಹಲವು ವೇದಿಕೆಗಳು ಸಮಯವನ್ನು ಒಳಗೆ ಯುಟಿಸಿಯಲ್ಲಿ ಬರೆದಿಡುತ್ತವೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 2024ರಲ್ಲಿ ಮಾರ್ಚ್ 31ರ ರಾತ್ರಿ ರಂಝಾನ್ ತಿಂಗಳ ಒಳಗೇ ಬಂದಿತ್ತು. ರಂಝಾನ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆರ್ಡರ್ ಮಾಡುವುದು ಯಾವಾಗ? ತರಾವೀಹ್ ಮುಗಿದ ಮೇಲೆ, ಅತ್ತಾಳಕ್ಕೆ ಏಳುವ ಹೊತ್ತಿಗೆ. ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಯ ಆರ್ಡರ್ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ ಎಂಟೂವರೆ. ಒಂದು ಇಡೀ ಹಣಕಾಸು ವರ್ಷ ಹಿಂದೆ ಹೋಯಿತು!

ನಮ್ಮಿಂದ ಆದ ದೊಡ್ಡ ತಪ್ಪು ಇದು ಯಾವುದೂ ಅಲ್ಲ. ಮೊದಲ ಪರೀಕ್ಷೆಗೆಂದು ಇಪ್ಪತ್ತು ಹಳೆಯ ಆರ್ಡರ್‌ಗಳನ್ನು ಏರಿಸಿದಾಗ ಸಂದೇಶ ಕಳಿಸುವ ಗುಂಡಿಯನ್ನು ಯಾರೂ ಆರಿಸಿರಲಿಲ್ಲ. ಹಳೆಯ ಆರ್ಡರ್ ಹೊಸದೆಂದು ತಿಳಿದು ಯಂತ್ರ ಇಪ್ಪತ್ತೂ ಮಂದಿಗೆ "ನಿಮ್ಮ ಆರ್ಡರ್ ಹೊರಟಿದೆ" ಎಂದು ಕಳಿಸಿತು. ಅದರಲ್ಲಿ ಒಂದು, 2021ರಲ್ಲಿ ಹೆಂಡತಿಗೆಂದು ಪೆರ್ನಾಲ್‌ಗೆ ಅಬಾಯ ತರಿಸಿದ್ದ ಒಬ್ಬರ ಫೋನಿಗೆ ಹೋಯಿತು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಫೋನ್ ಹೆಂಡತಿಯ ಕೈಯಲ್ಲಿತ್ತು. ಅವರು ನಮಗೆ ಫೋನ್ ಮಾಡಿ ಬಯ್ಯಲಿಲ್ಲ. "ಅವರು ಹೋಗುವ ಮೊದಲು ಏನಾದರೂ ಹೇಳಿಟ್ಟಿದ್ದರಾ?" ಎಂದು ಕೇಳಿದರು. ಫೋನ್ ತೆಗೆದದ್ದು ಉಮ್ಮ. ಏನು ಹೇಳಿದರೋ ನಾನು ಕೇಳಲಿಲ್ಲ. ಆ ದಿನ ಸಂಜೆ ಉಮ್ಮ ಮತ್ತು ಉಪ್ಪ ಅವರ ಮನೆಗೆ ಹೋಗಿ ಬಂದರು. ಹಾಗಾಗಿ ನಿಮಗೆ ಹೇಳುತ್ತೇನೆ: ಹಳೆಯದನ್ನು ಏರಿಸುವ ಮೊದಲು ಎಸ್ಎಂಎಸ್, ಇಮೇಲ್, ವಾಟ್ಸ್‌ಆ್ಯಪ್ ಮೂರೂ ನಿಂತಿದೆಯೇ ಎಂದು ನೀವೇ ನೋಡಿ, ಇನ್ನೊಬ್ಬರ ಮಾತು ನಂಬಬೇಡಿ. ದಾಸ್ತಾನು ಕಡಿತವೂ ನಿಂತಿರಬೇಕು. ಇಲ್ಲದಿದ್ದರೆ ಐದು ವರ್ಷದ ಹಿಂದೆ ಮಾರಿದ್ದು ಇಂದಿನ ಕಪಾಟಿನಿಂದ ಕಳೆದುಹೋಗುತ್ತದೆ.

ಈಗ ಆ ಲ್ಯಾಪ್‌ಟಾಪಿನ ಮಾತು. ಎಲ್ಲವನ್ನೂ ಹೊತ್ತು ತನ್ನಿ ಎಂದು ನಾನು ಹೇಳುತ್ತಿಲ್ಲ. ಆ ಬ್ಯಾಕಪ್‌ನಲ್ಲಿ ಇದ್ದದ್ದೇನು? ಸಾವಿರಾರು ಹೆಣ್ಣುಮಕ್ಕಳ ಹೆಸರು, ಫೋನ್ ನಂಬ್ರ, ಮನೆಯ ದಾರಿ, ಮೈಯಳತೆ. "ಗಂಡ ಊರಿನಲ್ಲಿಲ್ಲ, ಸಂಜೆ ಮೇಲೆ ಬನ್ನಿ" ಎಂದು ಕೊರಿಯರಿನವನಿಗೆ ಬರೆದ ಸಾಲುಗಳು. ಅಂಗಡಿಗೆ ಬಂದ ಹೆಣ್ಣುಮಕ್ಕಳ ಅಳತೆಯನ್ನು ಉಮ್ಮ ಪರದೆಯ ಹಿಂದೆ ತೆಗೆದು ಚೀಟಿಯಲ್ಲಿ ಬರೆದು ಟೈಲರಿಗೆ ಕೊಡುತ್ತಿದ್ದರು, ಹೆಸರು ಬರೆಯುತ್ತಿರಲಿಲ್ಲ. ನಾವು ಅದೇ ಅಳತೆಯನ್ನು ಹೆಸರು ಸಮೇತ ಯಾರದೋ ಲ್ಯಾಪ್‌ಟಾಪಿನಲ್ಲಿ ಬಿಟ್ಟಿದ್ದೆವು, ವಾಟ್ಸ್‌ಆ್ಯಪ್‌ನಲ್ಲಿ ಕಡತವಾಗಿ ಕಳಿಸಿದ್ದೆವು. ಅಬಾಯ ಮಾರುವ ಅಂಗಡಿ ಹೀಗೆ ಮಾಡಬಹುದೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ. ಯಾವ ಕೆಲಸಕ್ಕೆಂದು ವಿವರ ಪಡೆದಿದ್ದೆವೋ ಆ ಕೆಲಸ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದಿದ್ದರೆ, ಅಳಿಸಬೇಕು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಾರ್ಡ್ ನಂಬ್ರವನ್ನಂತೂ ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಇಟ್ಟುಕೊಳ್ಳುವಂತೆಯೇ ಇಲ್ಲ. ಹಳೆಯ ಕಡತದಲ್ಲಿ ಎಲ್ಲಾದರೂ ಕಂಡರೆ ಅದು ಅಳಿಸಬೇಕಾದ ವಸ್ತು.

ಆದ್ದರಿಂದ ನಾವು ಮೂರು ಪಾಲು ಮಾಡಿದೆವು. ಬಾಕಿ, ವಾಪಸಾತಿ, ಬಿಲ್ಲು, ತೆರಿಗೆ ಇರುವ ವಿವರಗಳೆಲ್ಲ ಒಂದೂ ಬಿಡದೆ ಹೊಸ ಕಡೆಗೆ. ಅಳತೆ, ಕೇಳಿ ಒಪ್ಪಿದವರದ್ದು ಮಾತ್ರ. ಮನೆಯ ದಾರಿ ಹೇಳಿದ ಸಾಲುಗಳು, ಗ್ರಾಹಕರ ಬಗ್ಗೆ ನಾವೇ ಬರೆದುಕೊಂಡ ಟಿಪ್ಪಣಿಗಳು ಎಲ್ಲಿಗೂ ಇಲ್ಲ. ಲ್ಯಾಪ್‌ಟಾಪಿನ ಪ್ರತಿಯನ್ನು ತಮ್ಮ ಎದುರಿಗೇ ನಿಂತು ಅಳಿಸಿಸಿದ.

"ನಮ್ಮದು ಸಣ್ಣ ಅಂಗಡಿ, ಇಷ್ಟೆಲ್ಲ ಯಾರು ಮಾಡುತ್ತಾರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಳೆಯ ಆರ್ಡರ್‌ಗಳನ್ನು ಹೊಸ ವೇದಿಕೆಯ ಒಳಗೇ ತರಲು ಎಲ್ಲರಿಗೂ ಆಗುವುದಿಲ್ಲ. ತರಲೇಬೇಕೆಂದೂ ಇಲ್ಲ. ಇನ್ನೂರು ಮುನ್ನೂರು ಆರ್ಡರ್ ಇರುವವರು ಹಳೆಯ ಸೈಟು ಮುಚ್ಚುವ ಮೊದಲು ಎಲ್ಲ ಬಿಲ್ಲುಗಳನ್ನು ಪಿಡಿಎಫ್ ಆಗಿ, ಆರ್ಡರ್ ಪಟ್ಟಿಯನ್ನು ಸಿಎಸ್‌ವಿಯಾಗಿ ಇಳಿಸಿ, ಬೀಗ ಹಾಕಿದ ಎರಡು ಕಡೆ ಇಟ್ಟರೆ ತೆರಿಗೆಯ ಮಟ್ಟಿಗೆ ಸಾಕು. ಆದರೆ ನಾವು ಕೊಡಬೇಕಾದ ಬಾಕಿಗಳನ್ನು ಮಾತ್ರ ಕೈಯಿಂದಲಾದರೂ ಹೊಸ ಕಡೆ ಬರೆಯಲೇಬೇಕು. ಎಷ್ಟು ಸಣ್ಣ ಅಂಗಡಿಗೂ ಅದರಿಂದ ಬಿಡುವಿಲ್ಲ. ಮೂವತ್ತು ಬಾಕಿ ಇದ್ದರೆ ಒಂದು ಮಧ್ಯಾಹ್ನದ ಕೆಲಸ.

ಒಳಗೇ ತರುವವರು ಹಳೆಯ ಆರ್ಡರ್ ನಂಬ್ರವನ್ನು ಹಾಗೆಯೇ ಉಳಿಸಿಕೊಳ್ಳಿ, ಮುಂದೆ "ಹಳೆ" ಎಂದು ಸೇರಿಸಿದರೂ ಸರಿ. ಗ್ರಾಹಕರ ಕೈಯಲ್ಲಿರುವುದು ಆ ನಂಬ್ರ. ಮುಗಿದ ಮೇಲೆ ಉಪ್ಪ ಪುಸ್ತಕದ ಪುಟ ಕೂಡಿಸಿ ನೋಡುವ ಹಾಗೆ ಕೂಡಿಸಿ ನೋಡಿ: ತಿಂಗಳಿಗೆ ಎಷ್ಟು ಆರ್ಡರ್, ಎಷ್ಟು ರೂಪಾಯಿ, ಎಷ್ಟು ವಾಪಸು, ಎರಡೂ ಕಡೆ ಒಂದೇ ಬರಬೇಕು. ಸರಳವಾದ ಆರ್ಡರ್‌ಗಳನ್ನು ಪರೀಕ್ಷಿಸಿ ಸಮಾಧಾನಪಡಬೇಡಿ. ಅರ್ಧ ವಾಪಸಾದದ್ದು, ಅರ್ಧ ನಗದು ಅರ್ಧ ಯುಪಿಐ ಕೊಟ್ಟದ್ದು, ಕ್ಯಾಶ್ ಆನ್ ಡೆಲಿವರಿ ಬಾಗಿಲಲ್ಲಿ ತೆಗೆದುಕೊಳ್ಳದೆ ಮರಳಿದ್ದು, ಅಂತಹವನ್ನು ಹುಡುಕಿ ನೋಡಿ. ತಪ್ಪು ಅಡಗುವುದು ಅಲ್ಲೇ. ಹೊಸದು ಸರಿಯಿದೆ ಎಂದು ಖಾತ್ರಿಯಾಗುವ ತನಕ ಹಳೆಯದರ ಬಾಡಿಗೆ ಕಟ್ಟಿ. ಮತ್ತು ಈ ಕೆಲಸವನ್ನು ಶಅಬಾನ್, ರಂಝಾನ್ ತಿಂಗಳ ಗದ್ದಲದಲ್ಲಿ ಮಾಡಬೇಡಿ.

ಇನ್ನೊಂದು ಸಣ್ಣ ಮಾತು. ಗ್ರಾಹಕರ ಪಾಸ್‌ವರ್ಡ್ ಹೊಸ ಕಡೆಗೆ ಬರುವುದಿಲ್ಲ. ಅದನ್ನು ಯಾರೂ ಓದಲಾರದ ರೂಪದಲ್ಲಿ ಇಟ್ಟಿರುವುದರಿಂದ ಬರಬಾರದು ಕೂಡ. ಎಲ್ಲರೂ ಹೊಸದಾಗಿ ಹಾಕಿಕೊಳ್ಳಬೇಕು. "ಪಾಸ್‌ವರ್ಡ್ ಬದಲಾಯಿಸಿ" ಎಂಬ ಇಂಗ್ಲಿಷ್ ಸಂದೇಶ ಹೋದರೆ ಇಂದಿನ ಕಾಲದಲ್ಲಿ ಯಾರಾದರೂ ಮೋಸದ ಲಿಂಕ್ ಎಂದೇ ತಿಳಿಯುತ್ತಾರೆ, ತಿಳಿಯಲೂ ಬೇಕು. ನಮ್ಮ ಉಪ್ಪ ಬ್ಯಾರಿಯಲ್ಲಿ ಒಂದು ವಾಯ್ಸ್ ಹಾಕಿದರು. ಅಂಗಡಿ ಬದಲಾಗಿದೆ, ನಿಮ್ಮ ಲೆಕ್ಕ ನಮ್ಮಲ್ಲಿ ಜೋಪಾನವಾಗಿದೆ, ಯಾರಿಗಾದರೂ ಬಾಕಿ ಕಾಣದಿದ್ದರೆ ನನಗೇ ಫೋನ್ ಮಾಡಿ ಎಂದರು. ಹದಿನಾಲ್ಕು ಮಂದಿ ಫೋನ್ ಮಾಡಿದರು. ಅದರಲ್ಲಿ ಇಬ್ಬರು ತಾವೇ ನಮಗೆ ಕೊಡಲು ಉಳಿದಿದ್ದ ದುಡ್ಡನ್ನು ನೆನಪಿಸಿದರು. ಅದು ನಮ್ಮ ಯಾವ ಕಡತದಲ್ಲೂ ಇರಲಿಲ್ಲ.

ಬ್ಯಾರ ಎಂದರೆ ವ್ಯಾಪಾರ, ಬ್ಯಾರಿ ಎಂಬ ಹೆಸರೇ ಅದರಿಂದ ಬಂತು ಎನ್ನುವವರು ನಮ್ಮಲ್ಲಿ ಹೆಚ್ಚು. ಕುರ್‌ಆನಿನ ಅತಿ ಉದ್ದದ ವಚನ ಯಾವುದರ ಬಗ್ಗೆ ಎಂದು ನಮ್ಮ ಮದ್ರಸದ ಮಕ್ಕಳನ್ನು ಕೇಳಿ ನೋಡಿ. ಅಲ್-ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಸತ್ಯವಿಶ್ವಾಸಿಗಳಿಗೇ ಬರೆದಿಡಿ ಎಂದು ಹೇಳಲಾಗಿದೆ. ಬರೆದಿಟ್ಟದ್ದನ್ನು ವೇದಿಕೆ ಬದಲಾಯಿತೆಂದು ಕಳೆದುಕೊಂಡರೆ ಬರೆಯದೆ ಇದ್ದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಕಳೆದ ತಿಂಗಳು ವಿಟ್ಲದ ಆ ಉಮ್ಮ ಸ್ವತಃ ಅಂಗಡಿಗೆ ಬಂದಿದ್ದರು, ಮೊಮ್ಮಗನನ್ನು ಎತ್ತಿಕೊಂಡು. ತಮ್ಮ ಕಂಪ್ಯೂಟರ್ ತಿರುಗಿಸಿ ಅವರ ಹನ್ನೊಂದು ಅಬಾಯಗಳ ಆರ್ಡರನ್ನೂ ವಾಪಸು ಬಂದ ಎರಡನ್ನೂ ತೋರಿಸಿದ. ಅವರಿಗೆ ಓದಲು ಬಾರದು. ಆದರೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಉಪ್ಪನ ಕಡೆ ತಿರುಗಿ, "ಆ ಕೆಂಪು ಪುಸ್ತಕ ಈಗಲೂ ಬರೆಯುತ್ತೀರಿ ಅಲ್ವಾ?" ಎಂದು ಕೇಳಿದರು.

ಬರೆಯುತ್ತಾರೆ. ಈಗ ಅವರ ಪಕ್ಕದಲ್ಲಿ ಕೂತು ತಮ್ಮನೂ ಬರೆಯುತ್ತಾನೆ.